ಬುಧವಾರ ಟಿವಿ, ಗುರುವಾರ ವರ್ನಾ

ಹೋಲ್ಟ್, ಉತ್ತರ ಐಸ್‌ಲ್ಯಾಂಡ್
೧೫ ಅಕ್ಟೋಬರ್ ೧೯೮೧, ಗುರುವಾರ

ಮಾನ್ಯ ವರ್ನಾ ಕ್ಲೆಬರ್ ಅವರಿಗೆ,

ನೀವು ನಮ್ಮ ಸಹಕಾರ ಸಂಘಕ್ಕೆ ಬರೆದ ಕಾಗದ ಉಣ್ಣೆ ವಿಭಾಗಕ್ಕೆ ಬಂತು. ಉಣ್ಣೆ ವಿಭಾಗವೆಂದರೆ ನಾನು, ಒಂದು ತಕ್ಕಡಿ, ಒಂದು ಕುರ್ಚಿ. ನಿಮ್ಮ ಅಕ್ಕನ ಮಗ ಇಲ್ಲಿಯ ವಾಯುನೆಲೆಯಲ್ಲಿದ್ದಾಗ ಕೊಂಡು ತಂದ ಸ್ವೆಟರಿನ ತೋಳು ಒಲೆಗೆ ತಾಗಿ ಸುಟ್ಟಿತೆಂದು ಓದಿ ಬೇಸರವಾಯಿತು. ಅದೇ ಕಂದು ಬಣ್ಣದ ಉಣ್ಣೆ ಕಳಿಸಿದ್ದೇನೆ. ಅದು ಅದ್ದಿದ ಬಣ್ಣವಲ್ಲ, ಕುರಿಯ ಸ್ವಂತ ಬಣ್ಣ. ಒಗೆದರೆ ಹೋಗುವುದಿಲ್ಲ, ಬೈದರೂ ಹೋಗುವುದಿಲ್ಲ.

ಇವತ್ತು ಗುರುವಾರ. ನಮ್ಮ ದೇಶದಲ್ಲಿ ಗುರುವಾರ ಟಿವಿ ಇಲ್ಲ, ಟಿವಿಯವರಿಗೆ ರಜೆ. ಆದ್ದರಿಂದ ಬಿಡುವಿದೆ, ಕೇಳುತ್ತೇನೆ. ನನ್ನ ಇಂಗ್ಲಿಷು ಎರಡು ಚಳಿಗಾಲ ಇಂಗ್ಲೆಂಡಿನ ಮೀನು ದೋಣಿಯಲ್ಲಿ ಕಲಿತದ್ದು, ಮಿಕ್ಕದ್ದು ಬುಧವಾರ ಬರುವ ನಿಮ್ಮ ದೇಶದ ಧಾರಾವಾಹಿಯಲ್ಲಿ ಕಲಿತದ್ದು. ಅದೇ, ಎಣ್ಣೆಬಾವಿಗಳ ಕ್ರಾಡಕ್ ಮನೆತನದ ಕಥೆ. ಮೊದಲನೆಯ ಪ್ರಶ್ನೆ: ಬೆಳಗಿನ ತಿಂಡಿಗೆ ಮೇಜಿನ ತುಂಬ ಬಡಿಸುತ್ತಾರೆ, ಎಲ್ಲರೂ ಕಿತ್ತಾಡಿ ಒಂದು ತುತ್ತೂ ತಿನ್ನದೆ ಏಳುತ್ತಾರೆ. ಆ ತಿಂಡಿ ಯಾರಿಗೆ? ಎರಡನೆಯದು: ಎಲ್ಲರ ಮನೆಯಲ್ಲೂ ಅಂಥ ಬಳುಕುವ ದೊಡ್ಡ ಮೆಟ್ಟಿಲಿರುತ್ತದೆಯೇ? ಮೂರನೆಯದು ಪ್ರಶ್ನೆಯಲ್ಲ, ಮೆಚ್ಚುಗೆ. ನಿಮ್ಮವರು ಫೋನಿನಲ್ಲಿ ಹೇಳಬೇಕಾದ್ದನ್ನು ಹೇಳಿ ಪಟ್ಟನೆ ಇಟ್ಟುಬಿಡುತ್ತಾರೆ. ವಿದಾಯವಿಲ್ಲ, ವೃಥಾ ವಿಳಂಬವಿಲ್ಲ. ನಮ್ಮಲ್ಲಿ ಮಾತು ಮುಗಿದ ಮೇಲೆ ‘ಬರ್ತೀನಿ, ಬರ್ತೀನಿ’ ಅನ್ನುವುದೇ ಮಾತಿಗಿಂತ ಉದ್ದ.

ನಮ್ಮ ಕಡೆ ಕಾಗದಕ್ಕೆ ಒಂದು ಪದ್ಯ ಹಚ್ಚದಿದ್ದರೆ ಅಂಚೆಚೀಟಿ ಹಚ್ಚದಷ್ಟೇ ತಪ್ಪು:

ಉರಿ ತಾಗಿದ ತೋಳಿಗೆ ಇದೋ ಉಣ್ಣೆ,
ಹರಿದದ್ದು ಹೊಲಿದರೆ ಮೆತ್ತಗೆ ಬೆಣ್ಣೆ;
ಕುರಿಗಿಲ್ಲ ಬೇಸರ, ನಮಗಿಲ್ಲ ಅವಸರ,
ಬರೆಯಿರಿ ಬಿಡುವಾದರೆ, ಗುರುವಾರ.

ಇತಿ,
ಇಲ್ಲುಗಿ
(ಊರಿನಲ್ಲಿ ಇಲ್ಲುಗಿ ನಾನೊಬ್ಬನೇ, ಇಷ್ಟು ಬರೆದರೆ ತಲುಪುತ್ತದೆ)


ಕ್ಲಿಫ್ಟನ್ ಬೆಂಡ್, ನೆಬ್ರಾಸ್ಕ
೯ ನವೆಂಬರ್ ೧೯೮೧

ಪ್ರಿಯ ಇಲ್ಲುಗಿ ಅವರೇ,

ಉಣ್ಣೆ ಬಂತು. ತೋಳು ಬದುಕಿತು. ನನಗೆ ಪದ್ಯ ಬರೆದುಕೊಟ್ಟ ಮೊದಲ ಅಂಗಡಿ ನಿಮ್ಮದು. ಇಲ್ಲಿಯ ಅಂಗಡಿಯವರು ರಸೀದಿ ಕೊಡುವುದಕ್ಕೂ ಮುಖ ಗಂಟಿಕ್ಕುತ್ತಾರೆ.

ಆ ಕ್ರಾಡಕ್ ಕಥೆ ಇಲ್ಲಿಯೂ ಬರುತ್ತದೆ. ಆ ತಿಂಡಿ ಯಾರಿಗೆ ಎಂದು ನನಗೂ ಗೊತ್ತಿಲ್ಲ. ನಾನಂತೂ ಬಡಿಸಿದ್ದನ್ನು ಬಿಟ್ಟು ಏಳುವವಳಲ್ಲ, ಮನೆಗೆ ಬೆಂಕಿ ಬಿದ್ದರೆ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಓಡುತ್ತೇನೆ. ನನ್ನ ಮನೆಗೆ ಮೆಟ್ಟಿಲಿದೆ, ಹೌದು. ಉದ್ದವಾಗಿಯೇ ಇದೆ. ಮೂರನೆಯದು ಮೆಚ್ಚುಗೆಯಾದ್ದರಿಂದ ಉತ್ತರ ಬೇಡವೆಂದುಕೊಂಡೆ. ಧನ್ಯವಾದ.

ನನ್ನ ಬಗ್ಗೆ ಹೆಚ್ಚೇನೂ ಇಲ್ಲ. ವಯಸ್ಸು ಐವತ್ತು ದಾಟಿದೆ. ಗಂಡ ತೀರಿ ಏಳು ವರ್ಷವಾಯಿತು. ನನ್ನದೇ ಒಂದು ಉದ್ಯಮ ನಡೆಸುತ್ತೇನೆ. ಯಂತ್ರಗಳದ್ದು. ಜನ ದೂರದಿಂದ ಬರುತ್ತಾರೆ.

ನಿಮ್ಮ,
ವರ್ನಾ ಕ್ಲೆಬರ್


ಹೋಲ್ಟ್
೧೭ ಡಿಸೆಂಬರ್ ೧೯೮೧, ಗುರುವಾರ

ಪ್ರಿಯ ವರ್ನಾ ಅವರೇ,

ಯಂತ್ರೋದ್ಯಮ! ಓದಿದ ಕೂಡಲೇ ನನ್ನ ಅಕ್ಕ ಸಲ್ವೋರ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. “ಎಣ್ಣೆ ಯಂತ್ರನೇ ಇರ್ಬೇಕು ಕಣೋ. ಅವ್ರನ್ನ ಕೇಳೋ, ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಾಯಿಸ್ತಾರೆ ಅಂತ. ಆ ಕ್ರಾಡಕ್ ಹೆಂಡ್ತಿ ಒಂದೇ ಕಂತಲ್ಲಿ ಐದು ಸಲ ಬದಲಾಯಿಸಿದ್ಲು” ಅಂದಳು. ನಾನು ಕೇಳುವುದಿಲ್ಲ ಅಂದೆ. ಈಗ ಕೇಳಿದ್ದೇನೆ.

ಒಂದು ಫೋಟೊ ಇಟ್ಟಿದ್ದೇನೆ. ನಡುವೆ ನಿಂತವನು ನಾನು, ಟೋಪಿ ಹೆರ್ಮುಂದುರನದು. ಅವನು ಪಕ್ಕದ ಹೊಲದವನು, ಹಲ್ಲು ಕಾಣಿಸದೆ ನಗುವ ನನ್ನ ಗೆಳೆಯ. ಹಿಂದೆ ಕಾಣುವುದು ಕಟ್ಟಡ.

ನಮ್ಮ ಅಡುಗೆಮನೆಯಲ್ಲಿ ನಿಮ್ಮ ಹೆಸರು ಬಾರದ ಗುರುವಾರವಿಲ್ಲ. ಹಬ್ಬಕ್ಕೆ ಹೊಗೆ ಹಾಕಿದ ಕುರಿಮಾಂಸ ತೂಗುಬಿಟ್ಟಿದ್ದೇವೆ. ದಿನ ಈಗ ಬೆಂಕಿಕಡ್ಡಿಯಷ್ಟು ಉದ್ದ, ಗೀರುವುದರೊಳಗೆ ಆರುತ್ತದೆ.

ಯಂತ್ರಗಳ ಒಡತಿಗೆ ನಮಸ್ಕಾರ,
ತಂತ್ರ ನನಗಿಲ್ಲ, ಮಾತು ನೇರ;
ಮಂತ್ರಿಯ ಮನೆಗೂ ಇರದಂಥ ಮೆಟ್ಟಿಲು
ಎಂತಿದೆ ಹೇಳಿ, ಎಷ್ಟು ದೂರ?

ಇಲ್ಲುಗಿ


ಕ್ಲಿಫ್ಟನ್ ಬೆಂಡ್
೧೧ ಜನವರಿ ೧೯೮೨

ಪ್ರಿಯ ಇಲ್ಲುಗಿ ಅವರೇ,

ಎಷ್ಟು ದೊಡ್ಡ ಬಿಳಿಯ ಮನೆ ನಿಮ್ಮದು! ಕಿಟಕಿ ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಅಂಥ ಮನೆಯವರು ನನ್ನ ಮೆಟ್ಟಿಲನ್ನು ಕೇಳುತ್ತಿದ್ದೀರಲ್ಲ ಅನ್ನಿಸಿ ಮೂರು ದಿನ ಪೆನ್ನು ಮುಟ್ಟಲಿಲ್ಲ. ಈಗ ಇದ್ದದ್ದು ಹೇಳಿಬಿಡುತ್ತೇನೆ.

ನನ್ನದು ಲಾಂಡ್ರಿ. ನಾಣ್ಯ ಹಾಕಿ ಜನರೇ ಒಗೆದುಕೊಳ್ಳುವ ಅಂಗಡಿ. ಯಂತ್ರವೆಂದರೆ ಒಗೆಯುವವು, ಒಣಗಿಸುವವು. ಮೆಟ್ಟಿಲು ಕಟ್ಟಡದ ಹಿಂದೆ, ಹೊರಗೆ, ಕಬ್ಬಿಣದ್ದು. ಹತ್ತಿದರೆ ನನ್ನ ಎರಡು ಕೋಣೆ. ಬಳುಕುವುದಂತೂ ನಿಜ, ಗಾಳಿ ಬೀಸಿದಾಗ. ಬಟ್ಟೆಯನ್ನು ದಿನಕ್ಕೆ ಒಂದೇ ಸಲ ಬದಲಾಯಿಸುತ್ತೇನೆ. ಉಳಿದವರ ಬಟ್ಟೆಯ ನಡುವೆ ನನ್ನದು ನೆನಪಾಗುವುದೇ ಕಷ್ಟ.

ನಾಲ್ಕನೆಯ ಡ್ರೈಯರ್ ಒಂದು ಹಟಮಾರಿ. ಬದಿಗೆ ಒದ್ದರೆ ಮಾತ್ರ ತಿರುಗುತ್ತದೆ. ನನ್ನ ಸಹಾಯಕಿ ಮಾರ್ಜ್ ಅದಕ್ಕೆ ತನ್ನ ಮೊದಲ ಗಂಡನ ಹೆಸರಿಟ್ಟಿದ್ದಾಳೆ. ಕಳೆದ ವಾರ ಚರ್ಚಿನ ಗಾಯನ ತಂಡದ ಬಿಳಿ ನಿಲುವಂಗಿಗಳ ನಡುವೆ ಯಾರದೋ ಕೆಂಪು ಕಾಲುಚೀಲ ಸೇರಿ ಹನ್ನೆರಡೂ ಗುಲಾಬಿಯಾದವು. ಯಾರ ಕಾಲುಚೀಲವೆಂದು ಊರೇ ಹುಡುಕುತ್ತಿದೆ. ನಮ್ಮಲ್ಲಿ ನಡೆಯುವುದು ಇಷ್ಟೇ. ಎಣ್ಣೆಯಿಲ್ಲ, ವಜ್ರವಿಲ್ಲ, ಯಾರೂ ಯಾರಿಗೂ ಗುಂಡು ಹೊಡೆದಿಲ್ಲ.

ಬೇಸರವಾಗಿ ನೀವು ಬರೆಯುವುದು ನಿಲ್ಲಿಸಿದರೆ ತಪ್ಪು ತಿಳಿಯುವುದಿಲ್ಲ.

ವರ್ನಾ


ಹೋಲ್ಟ್
೨೫ ಫೆಬ್ರವರಿ ೧೯೮೨, ಗುರುವಾರ

ಪ್ರಿಯ ವರ್ನಾ ಅವರೇ,

ನಿಲ್ಲಿಸುವುದೇ? ಕಾಲುಚೀಲ ಯಾರದೆಂದು ಬರೆಯದೆ ನೀವು ಮುಗಿಸಿದ್ದೇ ಅನ್ಯಾಯ! ಆ ಹಾಡುವವರು ಭಾನುವಾರ ಗುಲಾಬಿಯಲ್ಲೇ ನಿಂತರೇ? ಹೆರ್ಮುಂದುರನ ಪ್ರಕಾರ ಕಾಲುಚೀಲ ಆರ್ಗನ್ ನುಡಿಸುವವನದು. ನೆರೆಮನೆಯ ದಗ್ನೀ ಅಜ್ಜಿಯ ಪ್ರಕಾರ ಯಾರೋ ಬೇಕೆಂದೇ ಹಾಕಿದ್ದು, ಹಳೆ ದ್ವೇಷ. ಅಂದರೆ, ನನಗೆ ಹಾಗನ್ನಿಸುತ್ತದೆ. ಮಾರ್ಜ್ ಅವರಿಗೆ ಒಟ್ಟು ಎಷ್ಟು ಗಂಡಂದಿರು? ಡ್ರೈಯರನ್ನು ಒದೆಯುವುದು ಎಡಗಾಲಿನಲ್ಲೋ ಬಲಗಾಲಿನಲ್ಲೋ? ಸ್ವಲ್ಪ ವಿವರವಾಗಿ ಬರೆಯಿರಿ. ಇಲ್ಲಿ ಇದರ ಮೇಲೆ ವಾದ ನಡೆದಿದೆ, ನನ್ನೊಳಗೆ.

ಕ್ರಾಡಕ್ ಹಿರಿಯನಿಗೆ ಮತ್ತೆ ಗುಂಡು ಬಿತ್ತು. ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಇನ್ನೊಂದು ಮಾತಿದೆ, ಅದು ಕಾಗದದ ಮಾತಲ್ಲ. ಏಪ್ರಿಲ್ ಹದಿನೆಂಟು, ಭಾನುವಾರ, ನಿಮ್ಮಲ್ಲಿ ಬೆಳಗಾಗಿರುವಾಗ ಫೋನು ಮಾಡುತ್ತೇನೆ. ನಿಮ್ಮ ರೀತಿಯಲ್ಲೇ ಮಾತಾಡಬೇಕೆಂದು ಬುಧವಾರಗಳಂದು ಅಭ್ಯಾಸ ಮಾಡುತ್ತಿದ್ದೇನೆ.

ಬಿಳಿಯ ನಿಲುವಂಗಿ ಗುಲಾಬಿಯಾಯ್ತು,
ಒಳಗೊಳಗೆ ಊರೆಲ್ಲ ನಕ್ಕದ್ದಾಯ್ತು;
ತಿಳಿಸಿರಿ ಬೇಗನೆ ಕಾಲುಚೀಲ ಯಾರದು,
ಉಳಿದ ಚಳಿಗಾಲ ಕಾಯಲಾರದು.

ನಿಮ್ಮ,
ಇಲ್ಲುಗಿ


ಕ್ಲಿಫ್ಟನ್ ಬೆಂಡ್
೨೨ ಮಾರ್ಚ್ ೧೯೮೨

ಪ್ರಿಯ ಇಲ್ಲುಗಿ,

ಕಾಲುಚೀಲ ಪಾದ್ರಿಗಳದೇ! ಗುಲಾಬಿ ಬಟ್ಟೆಯ ಹನ್ನೆರಡು ಮಂದಿಯನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಪಾಪನಿವೇದನೆಯ ಬಗ್ಗೆ ಉಪದೇಶ ಮಾಡುತ್ತಿದ್ದವರು ನಡುವೆ ಕೆಮ್ಮಿ, “ಅದು ನಂದು ಕಣ್ರಪ್ಪಾ. ನನ್ ಹೆಂಡ್ತಿಗೆ ಮಾತ್ರ ಹೇಳ್ಬೇಡಿ, ಅವಳು ಹೆಣೆದದ್ದು” ಅಂದರು. ಹೆಂಡತಿ ಎರಡನೆಯ ಸಾಲಿನಲ್ಲಿದ್ದರು. ಮಾರ್ಜ್‌ಗೆ ಮೂವರು. ಒದೆಯುವುದು ಬಲಗಾಲಿನಲ್ಲಿ.

ಏಪ್ರಿಲ್ ಹದಿನೆಂಟಕ್ಕೆ ಫೋನಿನ ಹತ್ತಿರವೇ ಇರುತ್ತೇನೆ. ಹಿಂದಿನ ದಿನ ತಲೆ ಕೂದಲು ಸೆಟ್ ಮಾಡಿಸಿಕೊಳ್ಳುತ್ತಿದ್ದೇನೆ. “ಫೋನಲ್ಲಿ ಕೂದಲು ಕಾಣ್ಸುತ್ತೇನೇ, ದಡ್ಡಿ?” ಅಂತ ಮಾರ್ಜ್ ಕೇಳಿದಳು. ಕೇಳಿಸುತ್ತದೆ ಅಂದೆ.

ವರ್ನಾ


ಹೋಲ್ಟ್
೨೨ ಏಪ್ರಿಲ್ ೧೯೮೨, ಗುರುವಾರ, ಬೇಸಿಗೆಯ ಮೊದಲ ದಿನ

ಪ್ರಿಯ ವರ್ನಾ,

ಇವತ್ತಿನಿಂದ ನಮಗೆ ಬೇಸಿಗೆ. ಹೊರಗೆ ಹಿಮ ಬೀಳುತ್ತಿದೆ, ಆದರೆ ಪಂಚಾಂಗಕ್ಕೆ ಎದುರಾಡುವಂತಿಲ್ಲ.

ಫೋನು ಚೆನ್ನಾಗಿಯೇ ಆಯಿತಲ್ಲವೇ? ಹೇಳಬೇಕಾದ್ದನ್ನು ನೆಟ್ಟಗೆ ಹೇಳಿದೆ ಎಂದು ನಂಬಿದ್ದೇನೆ. ಎಲ್ಲರೂ ಮೆಚ್ಚಿದರು. ಉತ್ತರ ಅಲ್ಲಿಯೇ ಬೇಕೆಂದು ನಾನು ಕಾಯಲಿಲ್ಲ; ನಿಮ್ಮಲ್ಲಿ ಅದು ಮುಂದಿನ ಕಂತಿನಲ್ಲೇ ಅಲ್ಲವೇ ಬರುವುದು. ಕಾಯುತ್ತೇನೆ.

ಇಲ್ಲುಗಿ


ಹೋಲ್ಟ್
೨೭ ಮೇ ೧೯೮೨, ಗುರುವಾರ

ಪ್ರಿಯ ವರ್ನಾ,

ಕುರಿ ಮರಿ ಹಾಕುವ ಕಾಲ. ನಿದ್ದೆಯೂ ನಿಂತುಕೊಂಡೇ. ನಿಮ್ಮ ಕಾಗದ ಬರಲಿಲ್ಲ. ಅಂಚೆ ತಡವಾಗಿರಬೇಕು ಎಂದು ದಗ್ನೀ ಅಜ್ಜಿ ಹೇಳುತ್ತಾರೆ. ನಾಲ್ಕನೆಯ ಡ್ರೈಯರ್ ಚೆನ್ನಾಗಿದೆಯೇ?

ಇಲ್ಲುಗಿ


ಹೋಲ್ಟ್
೧ ಜುಲೈ ೧೯೮೨, ಗುರುವಾರ

ವರ್ನಾ ಅವರೇ,

ಜುಲೈ ಪೂರ್ತಿ ಟಿವಿಗೆ ರಜೆ, ಪ್ರತಿ ವರ್ಷದಂತೆ. ಮನೆ ಬಹಳ ಸದ್ದಿಲ್ಲದೆ ಇದೆ. ಪದ್ಯಕ್ಕೆ ಕೂತೆ, ಬರಲಿಲ್ಲ. ನಾನು ಕೇಳಿದ್ದು ತಪ್ಪಾಗಿದ್ದರೆ ಕೇಳಿಲ್ಲವೆಂದೇ ತಿಳಿಯಿರಿ.

ಇಲ್ಲುಗಿ


ಕ್ಲಿಫ್ಟನ್ ಬೆಂಡ್
೨೦ ಜುಲೈ ೧೯೮೨

ಇಲ್ಲುಗಿ,

ನಿನ್ನೆ ಅಂಚೆಯವನು ನನ್ನ ಮೇಜಿನ ಮೇಲೆ ಒಂದು ಕಟ್ಟು ಕಾಗದ ಇಟ್ಟು, “ಏನ್ ವರ್ನಾ, ಐಸ್‌ಲ್ಯಾಂಡಲ್ಲಿ ಚುನಾವಣೆಗೆ ನಿಂತಿದ್ದೀಯಾ?” ಅಂದ. ಎಲ್ಲವೂ ನಾನು ಕಂಡರಿಯದವರು ಬರೆದವು. ಒಬ್ಬರು ಡ್ರೈಯರಿಗೆ ಬೇಗ ಗುಣವಾಗಲೆಂದು ಹಾರೈಸಿದ್ದಾರೆ. ಇನ್ನೊಬ್ಬರು ಪಾದ್ರಿಗಳಿಗೆಂದು ಕೆಂಪು ಕಾಲುಚೀಲ ಹೆಣೆದು ಕಳಿಸಿದ್ದಾರೆ, ಬಣ್ಣ ಬಿಡುವುದಿಲ್ಲವೆಂಬ ಚೀಟಿಯ ಜೊತೆ. ದಗ್ನೀ ಅಜ್ಜಿಯ ಕಾಗದವನ್ನು ನಿಮ್ಮ ಶಾಲೆಯ ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಿದ್ದಾರಂತೆ. ಅದನ್ನು ಹಾಗೆಯೇ ಇಳಿಸುತ್ತೇನೆ:

“ವರ್ನಮ್ಮಾ, ಯಾಕಮ್ಮಾ ಬರೆಯೋದು ನಿಲ್ಸಿದೀಯ? ಗುರುವಾರ ಟಿವಿ ಇಲ್ದಿರೋದ್ರಿಂದ ನಾವೆಲ್ಲ ಹೋಲ್ಟಿಗೆ ಹೋಗಿ ನಿನ್ನ ಕಾಗದ ಕೇಳ್ತಿದ್ವಿ. ಇಲ್ಲುಗಿ ಓದ್ತಾನೆ, ಸಲ್ವೋರ್ ಕಾಫಿ ಕೊಡ್ತಾಳೆ. ಈಗ ಹಳೇದನ್ನೇ ಮತ್ತೆ ಮತ್ತೆ ಓದಿಸ್ಕೊಂಡು ಬಾಯಿಪಾಠ ಆಗಿದೆ. ಅವನು ಫೋನ್ ಮಾಡಿದ್ದು ನಿಂಗೆ ಸರಿಬರ್ಲಿಲ್ವಾ? ನಮ್ಮ ಎಂಟು ಮನೆಗೂ ಒಂದೇ ತಂತಿ ಕಣಮ್ಮ, ಒಬ್ರಿಗೆ ಫೋನ್ ಬಂದ್ರೆ ಎಲ್ರೂ ಎತ್ತೋದು ವಾಡಿಕೆ. ಎಲ್ರೂ ಎತ್ತಿದ್ರೆ ದನಿ ಸಣ್ಣಗಾಗುತ್ತೆ, ಅದು ನಮ್ ತಪ್ಪು. ಆದ್ರೆ ನಮ್ ಹುಡ್ಗ ಎಷ್ಟು ಚೆನ್ನಾಗಿ ಮಾತಾಡ್ದ! ಒಂದು ‘ಬರ್ತೀನಿ’ ಇಲ್ಲ, ಏನಿಲ್ಲ, ಥೇಟ್ ಕ್ರಾಡಕ್ ಥರ ಪಟ್ ಅಂತ ಇಟ್ಟ. ನಾವೆಲ್ಲ ತಂತಿಯಲ್ಲೇ ಚಪ್ಪಾಳೆ ತಟ್ಟಿದ್ವಿ.”

ಇಲ್ಲುಗಿ, ಈ ಕಡೆ ಏನಾಯಿತೆಂದು ಈಗ ಕೇಳಿ. ಕೂದಲು ಸೆಟ್ ಮಾಡಿಸಿಕೊಂಡು ಕೂತಿದ್ದೆ. ಗಂಟೆ ಹೊಡೆಯಿತು. ಬಾವಿಯ ತಳದಿಂದ ಬಂದ ಹಾಗೆ ನಿಮ್ಮ ದನಿ: “ವರ್ನಾ, ಸೆಪ್ಟೆಂಬರಲ್ಲಿ ಬನ್ನಿ. ಕುರಿ ಇರ್ತವೆ. ನಾನೂ ಇರ್ತೀನಿ.” ಪಟ್. ಆ ಮೇಲೆ ಬರೀ ‘ಕುಯ್ಯ್’ ಸದ್ದು. ನನ್ನ ದನಿ ಕೇಳಿದ್ದೇ ನಿಮಗೆ ಮನಸ್ಸು ಮುರಿಯಿತು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ನೀವೇ ಬರೆದಿರಿ, ‘ಎಲ್ಲರೂ ಮೆಚ್ಚಿದರು’ ಎಂದು. ಯಾರು ಎಲ್ಲರೂ? ಗೆಳೆಯರ ಮುಂದೆ ಪಂದ್ಯ ಕಟ್ಟಿ ಒಬ್ಬ ಲಾಂಡ್ರಿಯವಳನ್ನು ಗೇಲಿ ಮಾಡಿದಿರಿ ಅಂದುಕೊಂಡೆ. ಸ್ವೆಟರನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ನಾವು ವಿದಾಯ ಹೇಳುತ್ತೇವೆ, ಮಾರಾಯರೇ! ಕುರ್ಚಿಯಲ್ಲಿ ಹೇಳಿ, ಬಾಗಿಲಲ್ಲಿ ಹೇಳಿ, ಕಾರಿನ ಕಿಟಕಿಯಲ್ಲಿ ಹೇಳಿ, ಕಾರು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸುತ್ತೇವೆ. ಟಿವಿಯವರು ಹೇಳದಿರುವುದು ಜಾಹೀರಾತಿಗೆ ಹೊತ್ತಾಗುತ್ತದೆಂದು. ನಮ್ಮ ದೇಶ ಹಡಗು ತುಂಬ ಎಣ್ಣೆಬಾವಿ, ಮೆಟ್ಟಿಲು, ಮುತ್ತಿನ ಸರ ಕಳಿಸಿತು; ಒಂದು ‘ಬರ್ತೀನಿ’ ಕಳಿಸುವುದಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ ನೋಡಿ.

ನನ್ನ ಕಾಗದಗಳನ್ನು ಊರಿಗೆಲ್ಲ ಓದಿದ್ದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೋಪದಲ್ಲಿದ್ದೆ. ನಾಲ್ಕನೆಯ ಡ್ರೈಯರಿಗೆ ಬೇಕಾದ್ದಕ್ಕಿಂತ ಹೆಚ್ಚು ಒದ್ದೆ. ಆಮೇಲೆ ಕೂತು ಯೋಚಿಸಿದೆ. ಐವತ್ತು ವರ್ಷದಲ್ಲಿ ನಾನು ಏನು ಹೇಳುತ್ತೇನೆಂದು ಯಾರೂ ಕಾದು ಕೂತಿರಲಿಲ್ಲ. ನನ್ನ ಗಂಡ ಒಳ್ಳೆಯವನೇ. ಆದರೆ ನಾನು ಮಾತು ಶುರು ಮಾಡಿದರೆ ಅವನು ಟಿವಿಯ ದನಿ ಹೆಚ್ಚು ಮಾಡುತ್ತಿದ್ದ.

ಏಪ್ರಿಲ್ ಹದಿನೆಂಟರಂದು ಆ ‘ಕುಯ್ಯ್’ ಸದ್ದಿಗೆ ನಾನು ಏನು ಹೇಳಿದೆ ಗೊತ್ತೇ? “ಬರ್ತೀನಿ” ಅಂದೆ. ಸೆಪ್ಟೆಂಬರ್ ಎಂಟಕ್ಕೆ ಇಳಿಯುತ್ತೇನೆ, ಇಪ್ಪತ್ತೆರಡಕ್ಕೆ ಹೊರಡುತ್ತೇನೆ. ಟಿಕೆಟು ತೆಗೆದಾಯಿತು.

ಈ ಕಾಗದವೊಂದನ್ನು ಯಾರಿಗೂ ಓದಬೇಡಿ.

ವರ್ನಾ


ಹೋಲ್ಟ್
೫ ಆಗಸ್ಟ್ ೧೯೮೨, ಗುರುವಾರ

ಪ್ರಿಯ ವರ್ನಾ,

ಓದಲಿಲ್ಲ. ತಾರೀಖು ಮಾತ್ರ ಹೇಳಿದೆ. ಅಡುಗೆಮನೆಯಲ್ಲಿ ದೊಡ್ಡ ದಂಗೆ. “ಜುಲೈನಲ್ಲಿ ಟಿವಿನೂ ಇರ್ಲಿಲ್ಲ, ಈಗ ಕಾಗದನೂ ಮುಚ್ಚಿಟ್ಕೊಂಡೆ, ಕಟುಕ ಕಣೋ ನೀನು” ಅಂದರು ದಗ್ನೀ ಅಜ್ಜಿ. ನಾನು ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದೇನೆ. ನನಗೆ ನಗು ಬಂದಾಗಲೆಲ್ಲ ಅದು ಚರಚರ ಅನ್ನುತ್ತದೆ, ಕುರಿಗಳು ತಿರುಗಿ ನೋಡುತ್ತವೆ.

ಸಿದ್ಧತೆ ಕೈ ಮೀರಿದೆ. ಹೆರ್ಮುಂದುರ್, ಕ್ರಾಡಕ್ ಮನೆಯಲ್ಲಿ ಮಾಡುವ ಹಾಗೆ, ನೀವು ಮನೆಯೊಳಗೆ ಕಾಲಿಟ್ಟ ಕೂಡಲೇ ಬಗ್ಗಿಸಿಕೊಡಲೆಂದು ಗಾಜಿನ ಹೂಜಿಯಲ್ಲಿ ವಿಸ್ಕಿ ತುಂಬಿಟ್ಟಿದ್ದಾನೆ. ಸಲ್ವೋರ್ ನೀವು ತಿನ್ನದೆ ಬಿಟ್ಟು ಏಳಲೆಂದು ದೊಡ್ಡ ತಿಂಡಿ ಮಾಡುವವಳಿದ್ದಾಳೆ. “ಅವ್ರು ತಿಂತಾರಂತೆ ಕಣೇ” ಅಂದೆ. “ತಿಂದ್ರೆ ಸಾಲುತ್ತಾ ಹಾಗಾದ್ರೆ?” ಅಂತ ಈಗ ಅದರ ಚಿಂತೆ. ಬೆಟ್ಟದ ಮೇಲೆ ಬೇಸಿಗೆಯೆಲ್ಲ ಮೇದ ಕುರಿಗಳನ್ನು ಇಳಿಸಲು ಹದಿಮೂರಕ್ಕೆ ನಾವು ಗಂಡಸರು ಹೊರಡಬೇಕು, ನಾಲ್ಕೈದು ದಿನ. ಅದನ್ನು ತಪ್ಪಿಸುವಂತಿಲ್ಲ, ಕ್ಷಮಿಸಿ.

ಆ ಫೋಟೊದಲ್ಲಿದ್ದ ಕಟ್ಟಡದ ಬಗ್ಗೆ ನೀವು ಬಂದ ಮೇಲೆ ಮಾತಾಡೋಣ.

ಬರುವವರಿಗೆ ನಮ್ಮಲ್ಲಿ ಮೆಟ್ಟಿಲಿಲ್ಲ,
ಇರುವ ಹೊಸಿಲಿಗೂ ಎತ್ತರವಿಲ್ಲ;
ಕುರಿ ನೂರಾರು, ಬಾಗಿಲು ಒಂದೇ,
ತೆರೆದು ನಿಂತಿರುವೆ, ಬನ್ನಿ ಎಂದೇ.

ನಿಮ್ಮ,
ಇಲ್ಲುಗಿ


ಹೋಲ್ಟ್, ನಿನ್ನದೇ ಅಡುಗೆಮನೆ
೧೬ ಸೆಪ್ಟೆಂಬರ್ ೧೯೮೨, ಗುರುವಾರ

ಇಲ್ಲುಗಿ,

ಬೆಟ್ಟದ ಮೇಲೆ ನೀವು ಗಂಡಸರು ತಂಗುವ ಗುಡಿಸಲಿಗೆ ಊಟ ಒಯ್ಯುವ ಜೀಪು ಮಧ್ಯಾಹ್ನ ಹೊರಡುತ್ತದಂತೆ. ಅದರಲ್ಲಿ ಇದನ್ನು ಕಳಿಸುತ್ತಿದ್ದೇನೆ. ಒಂದು ಸಾಗರದಾಚೆಯಿಂದ ಬರೆಯುತ್ತಿದ್ದವಳು ಈಗ ಒಂದು ಬೆಟ್ಟದ ಕೆಳಗಿನಿಂದ ಬರೆಯುತ್ತಿದ್ದೇನೆ. ಅಂಚೆ ಸುಧಾರಿಸಿದೆ.

ನಿನ್ನೆ ಬುಧವಾರ. ಎಂಟು ಮನೆಯವರೂ ಟಿವಿ ಮುಂದೆ ಬಂದು ಕೂತರು, ಆದರೆ ಕುರ್ಚಿಗಳೆಲ್ಲ ನನ್ನ ಕಡೆಗೆ ತಿರುಗಿದ್ದವು. ತೆರೆಯ ಮೇಲೆ ಏನಾದರೂ ಆದ ಕೂಡಲೇ ನನ್ನ ಮುಖ ನೋಡುವುದು. ಮೇಷ್ಟ್ರು ನಡುವೆ ಕೂತು ಮಾತನ್ನು ಆಚೆಗೂ ಈಚೆಗೂ ಸಾಗಿಸುತ್ತಿದ್ದರು. ಕ್ರಾಡಕ್ ಹೆಂಡತಿ ಗಾಜಿನ ಲೋಟವನ್ನು ಗೋಡೆಗೆ ಎಸೆದಳು. ದಗ್ನೀ ಅಜ್ಜಿ ಕೇಳಿದರು: “ನೀವೂ ಎಸೀತೀರೇನಮ್ಮ?”

“ಇಲ್ಲಜ್ಜಿ, ತೊಳೀತೀವಿ.”

“ನಾನ್ ಹೇಳ್ಲಿಲ್ವಾ?” ಎಂದು ಅಜ್ಜಿ ಇಡೀ ಕೋಣೆಗೆ ಹೇಳಿದರು, ಯಾರೋ ಇಷ್ಟು ವರ್ಷ ಅವರ ಜೊತೆ ವಾದಿಸಿದ್ದ ಹಾಗೆ.

ಆಮೇಲೆ ಏನಾಯಿತು ಗೊತ್ತೇ? ಹಿರಿಯ ಕ್ರಾಡಕ್‌ನ ಉಯಿಲು ಓದಲು ವಕೀಲ ಲಕೋಟೆ ಒಡೆಯುತ್ತಿದ್ದ. ಆಗ ಸಲ್ವೋರ್ ಎದ್ದು ಟಿವಿ ಆರಿಸಿದಳು. ಸಕ್ಕರೆ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿ ಕಾಫಿ ಹೀರುತ್ತ ಎಲ್ಲರೂ ಕುಳಿತರು. ಸಲ್ವೋರ್ ಅಂದಳು: “ಈಗ ಹೇಳಿ. ನೀವು ಹೊರಟು ಬಂದ್ಮೇಲೆ ಮಾರ್ಜ್ ಒಬ್ಳೇ ಹೇಗೆ ನಿಭಾಯಿಸ್ತಿದ್ದಾಳೆ?” ನಾನು ಹೇಳಿದೆ. ಕೈ ಕಾಲು ಆಡಿಸಿ, ಡ್ರೈಯರ್ ಒದೆಯುವುದನ್ನು ನಿಂತು ತೋರಿಸಿ ಹೇಳಿದೆ. ಮೇಷ್ಟ್ರು ನಗುತ್ತ ಮಾತು ಸಾಗಿಸುವುದನ್ನೇ ಮರೆತರು. ಆದರೂ ಎಲ್ಲರೂ ನಕ್ಕರು.

ನಿನ್ನ ‘ಬಿಳಿ ಮನೆ’ಯ ಒಳಗೂ ಹೋಗಿಬಂದೆ. ಊರಿನ ಕುರಿ ಕೊಯ್ಯುವ ಕಟ್ಟಡ ಎಂದು ಹೆರ್ಮುಂದುರನ ಹೆಂಡತಿ ಬಾಗಿಲು ತೆರೆದೇ ತೋರಿಸಿದಳು. ಕಿಟಕಿಗಳು ಚೆನ್ನಾಗಿವೆ. ನಿನಗೂ ನನಗೂ ಲೆಕ್ಕ ಸರಿಹೋಯಿತು.

ಇನ್ನು ನಿಜವಾದ ಮಾತು. ನನ್ನ ವಿಮಾನ ಮುಂದಿನ ಬುಧವಾರ. ‘ಹೋಗ್ಬೇಡ’ ಎಂದು ದಗ್ನೀ ಅಜ್ಜಿ ಹೇಳಿದರು. ಹೆರ್ಮುಂದುರನ ಹೆಂಡತಿ ಹೇಳಿದಳು. ಮೇಷ್ಟ್ರು ತಮ್ಮ ಪರವಾಗಿ ಒಂದು ಸಲ, ಉಳಿದವರ ಪರವಾಗಿ ಹಲವು ಸಲ ಹೇಳಿದರು. ಸಲ್ವೋರ್ ಬಾಯಲ್ಲಿ ಹೇಳಲಿಲ್ಲ, ಕಪಾಟಿನ ನಡುವಿನ ಹಲಗೆಯನ್ನು ಖಾಲಿ ಮಾಡಿ ಒರೆಸಿಟ್ಟಿದ್ದಾಳೆ. ಮಾರ್ಜ್ ಅಂತೂ ಹೊರಡುವಾಗಲೇ, “ಚಳಿಗಾಲ ಕಳ್ದು ಬಾ, ಅಂಗ್ಡಿ ನಾನ್ ನೋಡ್ಕೋತೀನಿ” ಅಂದಿದ್ದಳು. ಕೇಳದವನು ನೀನೊಬ್ಬನೇ. ಐದು ದಿನ ಜೊತೆಗಿದ್ದೆ, ಜಲಪಾತ ತೋರಿಸಿದೆ, ಕುರಿಯ ಕಿವಿಯ ಗುರುತು ಕಲಿಸಿದೆ, ಹವಾಮಾನದ ಬಗ್ಗೆ ಬಹಳ ಮಾತಾಡಿದೆ, ಆಮೇಲೆ ಕುದುರೆ ಹತ್ತಿ ಬೆಟ್ಟಕ್ಕೆ ಹೋದೆ.

ನಾನು ಊಹಿಸಿಕೊಂಡು ಉಳಿಯುವವಳಲ್ಲ. ಕೇಳಿದರೆ ಮಾತ್ರ ಉತ್ತರ ಕೊಡುತ್ತೇನೆ.

ವರ್ನಾ


ಗುಡಿಸಲು, ಬೆಟ್ಟದ ಮೇಲೆ
ಅದೇ ದಿನ, ಸಂಜೆ

ವರ್ನಾ,

ಜೀಪು ಎಂಜಿನ್ ಆರಿಸದೆ ನಿಂತಿದೆ. ಕೈ ಒದ್ದೆ, ಪೆನ್ಸಿಲು ಮೊಂಡು. ಹೊರಡುವ ದಿನ ಕೇಳಬೇಕೆಂದು ಕುದುರೆಯ ಪಕ್ಕ ನಿಂತಿದ್ದೆ. ನೀನು “ಟೋಪಿ ಹಾಕ್ಕೋ” ಅಂದೆ. ಹಾಕಿಕೊಂಡೆ, ಕೇಳುವುದು ಮರೆತುಹೋಯಿತು. ನಲವತ್ತೊಂಬತ್ತು ವರ್ಷದಲ್ಲಿ ಹಾಗೆ ಹೇಳಿದವರು ಇರಲಿಲ್ಲ.

ಈಗ ಕೇಳುತ್ತೇನೆ. ಈ ಚಳಿಗಾಲ ನಮ್ಮ ಮನೆಯಲ್ಲಿ ಇರುತ್ತೀಯಾ? ಆಮೇಲಿನ ಬೇಸಿಗೆಯೂ ಇದ್ದರೆ ಬೇಡವೆನ್ನುವುದಿಲ್ಲ. ಮನೆ ಸಣ್ಣದು. ಕತ್ತಲೆ ಉದ್ದ. ನಾನು ಮಾತು ಕಡಿಮೆ, ಆದರೆ ಕಿವಿ ಚುರುಕು.

ಹೆರ್ಮುಂದುರ್ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಾನೆ. “‘ದಯವಿಟ್ಟು’ ಅಂತ ಸೇರ್ಸೋ, ಮಂಕೇ” ಅನ್ನುತ್ತಾನೆ.

ದಯವಿಟ್ಟು.

ಇಲ್ಲುಗಿ


ಹೋಲ್ಟ್
೧೭ ಸೆಪ್ಟೆಂಬರ್, ಬೆಳಿಗ್ಗೆ

ಇಲ್ಲುಗಿ,

ಇರುತ್ತೇನೆ.

ನಿಧಾನವಾಗಿ ಇಳಿದು ಬಾ, ಕುರಿಗಳನ್ನು ಓಡಿಸಬೇಡ. ಸಲ್ವೋರ್ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಈರುಳ್ಳಿ ಅಂತೆ. ಮನೆಯಲ್ಲಿ ಈರುಳ್ಳಿ ಮುಗಿದು ಎರಡು ದಿನವಾಯಿತು, ಬರುವಾಗ ತಾ.

ವರ್ನಾ